ಸಾಗವಾನಿಯ ಬದಲಿಗೆ ಪದರ ಬಿದಿರು: ದೋಣಿ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿದ ಊರಿನವನು, ಬಡಿಗತನ ನಮ್ಮ ಮನೆತನದ ಕಸುಬು. ಮೀನು ಹಿಡಿಯುವ ನಮ್ಮೂರಿನ ಕೆಲವರು ಹರಿಗೋಲಿನ ಬದಲು 15 ಅಡಿ ಉದ್ದದ ಹಲಗೆ ದೋಣಿಯೊಂದನ್ನು ಮಾಡಿಕೊಡುವಂತೆ ಕೇಳಿದ್ದಾರೆ. ಸಾಗವಾನಿಯ ಬೆಲೆ ಅವರ ಕೈಗೆ ಎಟಕುವಂತಿಲ್ಲ. ಬಿದಿರಿನ ದಬ್ಬೆಗಳನ್ನು ಪದರ ಪದರವಾಗಿ ಅಂಟಿಸಿದ ಹಲಗೆ ಉಕ್ಕಿಗಿಂತಲೂ ಗಟ್ಟಿ, ಅದರಲ್ಲೇ ಇಡೀ ದೋಣಿ ಕಟ್ಟಬಹುದು ಎಂದು ವ್ಯಾಪಾರಿಯೊಬ್ಬರು ಹೇಳುತ್ತಾರೆ. ಇದನ್ನು ನಂಬಿ ಕೆಲಸ ಹಿಡಿಯಬಹುದೇ?
– ಒಬ್ಬ ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ವ್ಯಾಪಾರಿಯ ಮಾತು ಬಿದಿರಿನ ನಾರಿಗೆ ಸಲ್ಲುತ್ತದೆ, ಬಿದಿರಿನ ಹಲಗೆಗೆ ಸಲ್ಲುವುದಿಲ್ಲ. ಬೊಂಬಿನ ಹೊರಮೈಗೆ ಹತ್ತಿರವಿರುವ ಭಾಗದಲ್ಲಿ ನಾರುಗಳು ಒತ್ತೊತ್ತಾಗಿ ಸೇರಿರುತ್ತವೆ. ಅಲ್ಲಿಂದ ತೆಗೆದ ಒಂದು ತೆಳುವಾದ ಸೀಳನ್ನು ಉದ್ದಕ್ಕೆ ಹಿಡಿದು ಎಳೆದರೆ ಅದು 200 ಮೆಗಾಪಾಸ್ಕಲ್‌ವರೆಗಿನ ಸೆಳೆತವನ್ನು ತಡೆಯಬಲ್ಲದು. ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಭಾರ ಬಿದ್ದಂತೆ. ನಾವು ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಉಕ್ಕು ಸುಮಾರು 250 ಮೆಗಾಪಾಸ್ಕಲ್‌ಗೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಉಕ್ಕಿನ ತೂಕ ಬಿದಿರಿನ ಹತ್ತು ಪಟ್ಟಿಗೂ ಹೆಚ್ಚಾದ್ದರಿಂದ, ತೂಕಕ್ಕೆ ತೂಕವಿಟ್ಟು ನೋಡಿದಾಗ ಬಿದಿರಿನ ಸೀಳು ಗೆಲ್ಲುವುದು ನಿಜ. ಆದರೆ ದೋಣಿಯ ಹಲಗೆಯನ್ನು ಯಾರೂ ಉದ್ದಕ್ಕೆ ಹಿಡಿದು ಎಳೆಯುವುದಿಲ್ಲ. ಅದು ಬಾಗುತ್ತದೆ, ಕಲ್ಲಿಗೆ ತಾಗುತ್ತದೆ, ನೆನೆಯುತ್ತದೆ, ಒಣಗುತ್ತದೆ.

ಹಲಗೆಯಾದ ಮೇಲೆ ಉಳಿಯುವ ಬಲವನ್ನು ನೋಡೋಣ. ಬೊಂಬಿನ ಹೊರಗಿನ ಹೊಳಪು ಚರ್ಮದಲ್ಲಿ ಮೇಣವೂ ಸಿಲಿಕಾವೂ ಇರುವುದರಿಂದ ಅದಕ್ಕೆ ಅಂಟು ಹಿಡಿಯುವುದಿಲ್ಲ. ಒಳಮೈಯ ಮೆತ್ತನೆಯ ಪದರವೂ ಕೆಲಸಕ್ಕೆ ಬಾರದು. ಎರಡನ್ನೂ ಹತ್ತರಿ ಹೊಡೆದು ತೆಗೆಯಲೇಬೇಕು. ಹೀಗೆ ತೆಗೆಯುವಾಗ ನಾರು ಅತಿ ಹೆಚ್ಚು ದಟ್ಟವಾಗಿದ್ದ ಭಾಗವೇ ಸ್ವಲ್ಪ ಹೋಗುತ್ತದೆ. ಗಿಣ್ಣುಗಳ ಬಳಿ ನಾರು ನೇರವಾಗಿ ಸಾಗದೆ ಸುತ್ತಿಕೊಂಡಿರುವುದರಿಂದ ಅಲ್ಲಿಯೂ ಬಲ ಕುಗ್ಗುತ್ತದೆ. ಉಳಿದ ದಬ್ಬೆಗಳನ್ನು ಚೆನ್ನಾಗಿ ಅಂಟಿಸಿ ಮಾಡಿದ ಹಲಗೆ ಬಾಗಿಸಿದಾಗ ಮುರಿಯುವ ಮಟ್ಟ ಸಾಮಾನ್ಯವಾಗಿ 80ರಿಂದ 110 ಮೆಗಾಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಸಾಗವಾನಿಯದು 95ರ ಹತ್ತಿರ. ಬಾಗದೆ ನಿಲ್ಲುವ ಬಿಗಿತವನ್ನು ಅಳೆದರೆ ಪದರ ಬಿದಿರು 10ರಿಂದ 13 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಎಂದರೆ ಸಾವಿರ ಮೆಗಾಪಾಸ್ಕಲ್), ಸಾಗವಾನಿ ಸುಮಾರು 12. ತೂಕದಲ್ಲಿಯೂ ಎರಡೂ ಅಕ್ಕಪಕ್ಕದವೇ: ಸಾಗವಾನಿ ಘನಮೀಟರಿಗೆ ಸುಮಾರು 650 ಕಿಲೋ, ಪದರ ಬಿದಿರು 650ರಿಂದ 750 ಕಿಲೋ. ಆದ್ದರಿಂದ ಬಲದ ಮಟ್ಟಿಗೆ ಪದರ ಬಿದಿರನ್ನು ಸಾಗವಾನಿಯ ಪಕ್ಕದಲ್ಲಿ ಸಂಕೋಚವಿಲ್ಲದೆ ನಿಲ್ಲಿಸಬಹುದು. ಮೂರು ನಾಲ್ಕು ವರ್ಷಗಳಲ್ಲಿ ಬಲಿಯುವ ಒಂದು ಹುಲ್ಲಿನ ಜಾತಿಯ ಗಿಡ, ಐವತ್ತು ವರ್ಷ ಬೆಳೆದ ಮರಕ್ಕೆ ಸಾಟಿಯಾಗಿ ನಿಲ್ಲುವುದು ನನ್ನ ಪಾಲಿಗೆ ಇಂದಿಗೂ ಬೆರಗಿನ ಸಂಗತಿ.

ಹಾಗಿದ್ದರೂ ಇಡೀ ದೋಣಿಯನ್ನು ಅದರಲ್ಲೇ ಕಟ್ಟಿರೆಂದು ನಾನು ಹೇಳಲಾರೆ. ಮೊದಲನೆಯ ಕಾರಣ ತೂಕದ ಲೆಕ್ಕದಲ್ಲಿದೆ. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟಾಗುತ್ತದೆ. 10 ಮಿ.ಮೀ. ದಪ್ಪದ, ಘನಮೀಟರಿಗೆ 700 ಕಿಲೋ ತೂಗುವ ಬಿದಿರಿನ ಹಲಗೆ ಒಂದು ಚದರ ಮೀಟರಿಗೆ 7 ಕಿಲೋ ಆಗುತ್ತದೆ. ಅದೇ 7 ಕಿಲೋದಲ್ಲಿ, ಘನಮೀಟರಿಗೆ 350 ಕಿಲೋ ತೂಗುವ ಹಗುರ ಜಾತಿಯ ಮರದ 20 ಮಿ.ಮೀ. ಹಲಗೆ ಸಿಗುತ್ತದೆ. ಆ ಮರದ ಬಿಗಿತ ಬಿದಿರಿನ ಮೂರರಲ್ಲಿ ಎರಡು ಪಾಲಷ್ಟೇ ಇದ್ದರೂ, ದಪ್ಪದ ಲಾಭದಿಂದ ಹಲಗೆ ಐದು ಪಟ್ಟು ಬಿಗಿಯಾಗಿ ನಿಲ್ಲುತ್ತದೆ. ದೋಣಿಯ ಮೈಹಲಗೆಗೆ ಬೇಕಾದದ್ದು ಮುಖ್ಯವಾಗಿ ಈ ಬಗೆಯ ಬಿಗಿತ. ಅಗಲವಾದ, ತೆಳುವಾದ ಹೊದಿಕೆಯ ಕೆಲಸಕ್ಕೆ ಪದರ ಬಿದಿರು ಬಳಸಿದರೆ ದೋಣಿ ಅನಗತ್ಯವಾಗಿ ಭಾರವಾಗುತ್ತದೆ, ಇಲ್ಲವೇ ತೆಳುವಾಗಿಸಲು ಹೋಗಿ ಬಳುಕತೊಡಗುತ್ತದೆ.

ಎರಡನೆಯ ಕಾರಣ ಸೀಳುವ ಗುಣ. ಮರದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡಲಾಗಿ ಸಾಗುವ ಕೋಶಗಳ ಸಾಲುಗಳಿರುತ್ತವೆ. ಬಿದಿರಿನಲ್ಲಿ ಅವು ಇಲ್ಲ. ಗಿಣ್ಣಿನಿಂದ ಗಿಣ್ಣಿಗೆ ಎಲ್ಲ ನಾರೂ ಉದ್ದಕ್ಕೇ ಓಡುತ್ತದೆ. ಮೇದಾರರು ಒಂದೇ ಏಟಿಗೆ ಬೊಂಬನ್ನು ಮೇಲಿಂದ ಕೆಳಗೆ ಸೀಳಬಲ್ಲದ್ದು ಇದರಿಂದಲೇ. ಅಂಟಿಸಿ ಹಲಗೆ ಮಾಡಿದ ಮಾತ್ರಕ್ಕೆ ಈ ಗುಣ ಹೋಗುವುದಿಲ್ಲ: ಉದ್ದಕ್ಕೆ 90 ಮೆಗಾಪಾಸ್ಕಲ್ ತಡೆಯುವ ಹಲಗೆ ಅಡ್ಡಕ್ಕೆ ಎಳೆದಾಗ ಎರಡು ಮೂರು ಮೆಗಾಪಾಸ್ಕಲ್‌ಗೇ ಬಿರಿಯಬಹುದು. ಅದರ ತುದಿಗೆ ಮೊಳೆ ಹೊಡೆದರೆ ಸೀಳು ಹೋಗುವುದು ಬಹುತೇಕ ಖಚಿತ. ಸ್ಕ್ರೂ ಹಾಕುವುದಿದ್ದರೂ ಮೊದಲು ಸರಿಯಾದ ಅಳತೆಯ ರಂಧ್ರ ಕೊರೆದು, ತುದಿಯಿಂದ ಸಾಕಷ್ಟು ಒಳಗೆ ಹಾಕಬೇಕು. ಹಂಪಿ ಆನೆಗೊಂದಿಯ ನಡುವಿನ ನದಿಯಲ್ಲಿ ನೀರಿನ ಮಟ್ಟಕ್ಕೇ ಅಡಗಿರುವ ಬಂಡೆಗಳಿಗೆ ದೋಣಿಯ ಮೈ ತಾಗುವುದನ್ನು ನೆನೆದರೆ, ಒಂದೇ ದಿಕ್ಕಿನ ನಾರಿನ ಹಲಗೆಯನ್ನು ಹೊದಿಕೆಯಾಗಿ ಒಪ್ಪಲು ನನಗೆ ಧೈರ್ಯ ಬರುವುದಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಅಂಟು. ಪದರ ಬಿದಿರಿನ ದೋಣಿಯಲ್ಲಿ ಮೊದಲು ಸೋಲುವುದು ಅಂಟಿನ ಗೆರೆ. ನಮ್ಮ ಜಿಲ್ಲೆಗಳ ಹವಾಮಾನ ಈ ಸೋಲನ್ನು ಬೇಗ ತರುತ್ತದೆ. ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ದೋಣಿಗಳು ವಾರಗಟ್ಟಲೆ ಒಣನೆಲದ ಮೇಲೆ ಬಿದ್ದಿರುತ್ತವೆ. 40 ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಅವುಗಳಲ್ಲಿನ ತೇವ ಪೂರ್ತಿ ಇಳಿದುಹೋಗುತ್ತದೆ. ಮಳೆ ಬಿದ್ದು ನೀರು ಬಂದಾಗ ಅದೇ ಬಿದಿರು ಕೆಲವೇ ದಿನಗಳಲ್ಲಿ ನೆನೆದು ಹಿಗ್ಗುತ್ತದೆ. ಪ್ರತಿ ಪದರವೂ ತನ್ನದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವಾಗ ನಡುವಿನ ಅಂಟಿನ ಮೇಲೆ ಬೀಳುವ ಎಳೆತ, ದೋಣಿಯಲ್ಲಿ ಕುಳಿತ ನಾಲ್ಕು ಜನರ ಭಾರಕ್ಕಿಂತ ಕ್ರೂರವಾದುದು. ಹಲವು ವರ್ಷಗಳ ಹಿಂದೆ ನಾನು ಬಡಗಿಯವರು ದಿನವೂ ಬಳಸುವ ಬಿಳಿ ಅಂಟಿನಿಂದ ಒಂದು ಹುಟ್ಟನ್ನು ಅಂಟಿಸಿದ್ದೆ. ಒಂದೇ ಮಳೆಗಾಲದಲ್ಲಿ ಅದರ ಪದರಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡವು. ಒಂದು ದಬ್ಬೆಯೂ ಮುರಿದಿರಲಿಲ್ಲ.

ಹಾಗಾದರೆ ಪದರ ಬಿದಿರನ್ನು ಎಲ್ಲಿ ಬಳಸಬೇಕು? ನಮ್ಮ ನದಿಯ ಹರಿಗೋಲು ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ಕೊಟ್ಟಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿಗೆ ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು, ಅವುಗಳ ಒಳಗಿನ ಹಂದರ ಬೆತ್ತದ ಜಾತಿಯದು, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು ಎಂದು ಬರೆದಿಟ್ಟಿದ್ದಾನೆ. ಇಂದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ಹಂದರ ಮಾತ್ರ ಬಿದಿರೇ. ಬಳುಕುವ ಬಲ ಬೇಕಾದ ಕಡೆ ಬಿದಿರು, ನೀರು ತಡೆಯಬೇಕಾದ ಕಡೆ ಬೇರೆ ವಸ್ತು: ಈ ಹಂಚಿಕೆಯನ್ನೇ ತಾವು ಹಲಗೆ ದೋಣಿಗೂ ಇಟ್ಟುಕೊಳ್ಳಿ. ಪಕ್ಕೆಲುಬುಗಳು, ಅಂಚಿನ ಪಟ್ಟಿ, ಉದ್ದಕ್ಕೆ ಸಾಗುವ ಒಳಪಟ್ಟಿಗಳು, ಕೂರುವ ಅಡ್ಡಹಲಗೆಯ ಕೆಳಗಿನ ತೊಲೆ, ಹುಟ್ಟು, ಜಲ್ಲೆ ಇವೆಲ್ಲ ಪದರ ಬಿದಿರಿನಲ್ಲಾಗಲಿ. ಮೈಹೊದಿಕೆಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೈನ್ ಪ್ಲೈವುಡ್ ಬಳಸಿ. ಅದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ದಾಟಿರಬೇಕೆಂಬುದು ಆ ಮಾನಕದ ನಿಯಮ. ದೋಣಿಯನ್ನು ದಡಕ್ಕೆ ಎಳೆಯುವಾಗ ಕಲ್ಲಿಗೆ ಉಜ್ಜುವ ಅಡಿಪಟ್ಟಿಗೆ ನಮ್ಮ ಎರೆಭೂಮಿಯ ಕರಿಜಾಲಿಯೇ ಸಾಕು. ಬಂಡಿಯ ಗಾಲಿಗೆ ತಾಳಿದ ಮರ ಅಲ್ಲಿಯೂ ತಾಳುತ್ತದೆ, ಸವೆದಾಗ ಬಿಚ್ಚಿ ಹೊಸದು ಹಾಕಬಹುದು.

ಪಕ್ಕೆಲುಬು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಿದಿರಿನ ಮೇಲ್ಮೆ ಪೂರ್ತಿ ಕಾಣುವುದು ಅಲ್ಲಿಯೇ. ಸಾಗವಾನಿಯಲ್ಲಿ ಬಾಗಿದ ಪಕ್ಕೆಲುಬು ಬೇಕಾದರೆ ಬಾಗಿದ ಕೊಂಬೆ ಹುಡುಕಬೇಕು ಅಥವಾ ದೊಡ್ಡ ಹಲಗೆಯಿಂದ ಕೊರೆದು ಅರ್ಧ ಮರವನ್ನು ಚಕ್ಕೆ ಮಾಡಬೇಕು. ಕೊರೆದಾಗ ನಾರು ತುಂಡಾಗುವುದು ಬೇರೆ. ಬಿದಿರಿನ 4 ಮಿ.ಮೀ. ದಪ್ಪದ ದಬ್ಬೆಯನ್ನಾದರೆ ಅರ್ಧ ಮೀಟರ್ ತ್ರಿಜ್ಯದ ಅಚ್ಚಿಗೆ ಬಿಸಿಯ ಅಗತ್ಯವಿಲ್ಲದೆ ಕೈಯಿಂದಲೇ ಬಾಗಿಸಬಹುದು. ಅಂಥ ಐದು ದಬ್ಬೆಗಳನ್ನು ಅಂಟು ಸವರಿ ಅಚ್ಚಿನ ಮೇಲೆ ಒಟ್ಟಿಗೆ ಬಿಗಿದರೆ, ತುದಿಯಿಂದ ತುದಿಗೆ ನಾರು ಕಡಿಯದ 20 ಮಿ.ಮೀ. ದಪ್ಪದ ಪಕ್ಕೆಲುಬು ಸಿಗುತ್ತದೆ. ಒಂದು ದಬ್ಬೆಯ ಗಿಣ್ಣು ಇನ್ನೊಂದರ ಗಿಣ್ಣಿನ ಮೇಲೆ ಬಾರದಂತೆ ಸರಿಸಿ ಜೋಡಿಸಿ. ಹತ್ತರಿ ಹೊಡೆದ ದಿನವೇ ಅಂಟಿಸಿ. ವಾರ ಬಿಟ್ಟ ಮೈಗೆ ಅಂಟು ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಅಂಟಿನಲ್ಲಿ ತಮಗೆ ಎರಡು ದಾರಿಗಳಿವೆ. ರೆಸಾರ್ಸಿನಾಲ್ ಜಾತಿಯ ಅಂಟು ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಮೈಗಳು ಕೂದಲೆಳೆಯ ಸಂದೂ ಇಲ್ಲದಂತೆ ಕೂಡಬೇಕು, ಕ್ಲಾಂಪುಗಳನ್ನು ಬಲವಾಗಿ ಬಿಗಿಯಬೇಕು. ಎಪಾಕ್ಸಿ ಸಣ್ಣ ಸಂದುಗಳನ್ನು ತುಂಬಿಕೊಳ್ಳುತ್ತದೆ, ಹಗುರವಾಗಿ ಬಿಗಿದರೆ ಸಾಕು, ಹೆಚ್ಚು ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಗೆರೆ ಬರಿದಾಗುತ್ತದೆ. ಆದರೆ ನಾವು ಕೊಟ್ಟಿಗೆಯಲ್ಲಿ ಬೆರೆಸಿ ಒಣಗಿಸುವ ಎಪಾಕ್ಸಿಗೆ ಬಿಸಿಲಿನ ದೋಷವಿದೆ. ಅದು ಸಾಮಾನ್ಯವಾಗಿ 50ರಿಂದ 60 ಡಿಗ್ರಿಯ ಹತ್ತಿರ ಮೆತ್ತಗಾಗತೊಡಗುತ್ತದೆ, ಮತ್ತು ಡಾಂಬರು ಬಳಿದು ಕವುಚಿ ಹಾಕಿದ ಕಪ್ಪು ದೋಣಿಯ ಮೈ ಮೇ ತಿಂಗಳ ಮಧ್ಯಾಹ್ನ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಆದ್ದರಿಂದ ಎಪಾಕ್ಸಿ ಬಳಸಿದ ದೋಣಿಗೆ ಡಾಂಬರು ಬೇಡ. ಬಿಳಿ ಅಥವಾ ತಿಳಿಬಣ್ಣದ ಪೇಂಟ್ ಇರಲಿ, ದಡದಲ್ಲಿದ್ದಾಗ ಮೇಲೆ ಸೊಪ್ಪೆಯ ನೆರಳಿರಲಿ. ಬೇಸಿಗೆಯಲ್ಲಿ ಈ ಅಂಟು ಬೋಗುಣಿಯಲ್ಲೇ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ನಸುಕಿನಲ್ಲಿ ಕೆಲಸ ಮುಗಿಸಿ.

ದೋಣಿಗೆ ಕೈ ಹಾಕುವ ಮೊದಲು ಒಂದು ಜೊತೆ ಹುಟ್ಟನ್ನು ಮಾಡಿ ಮೀನುಗಾರರ ಕೈಗೆ ಕೊಡಿ ಎಂಬುದು ನನ್ನ ವಿನಂತಿ. ಹುಟ್ಟು ಮುರಿದರೆ ಯಾರ ಜೀವಕ್ಕೂ ಕುತ್ತಿಲ್ಲ. ಒಂದು ಮಳೆಗಾಲ ಒಂದು ಬೇಸಿಗೆ ಕಳೆದ ಮೇಲೆ ಅದರ ಅಂಟಿನ ಗೆರೆಗಳು ಹೇಗಿವೆ ಎಂಬುದನ್ನು ನೋಡಿ ಮುಂದಿನ ಮಾತು ಆಡಬಹುದು.

ಪ್ರಶ್ನೆ: ಕೃಷ್ಣಾ ನದಿಯ ನಡುಗಡ್ಡೆಯಾದ ನಾರದಗಡ್ಡೆಗೆ ನಾವು ತೆಪ್ಪದಲ್ಲಿಯೇ (ಹರಿಗೋಲಿನಲ್ಲಿಯೇ) ಹೋಗಿಬರುವವರು. ತೆಪ್ಪದ ಬಿದಿರಿಗೆ ಅಂಟೂ ಇಲ್ಲ, ಔಷಧವೂ ಇಲ್ಲ, ಆದರೂ ಬಾಳುತ್ತದೆ. ಪದರ ಬಿದಿರಿಗೆ ಮಾತ್ರ ಇಷ್ಟು ಉಪಚಾರ ಏಕೆ? ಬೋರಾಕ್ಸ್ ನೀರಿನಲ್ಲಿ ನೆನೆಸಿದರೆ ಹುಳು ಹಿಡಿಯುವುದಿಲ್ಲವೆಂದು ಕೇಳಿದ್ದೇನೆ, ಅಷ್ಟು ಸಾಲದೇ?
– ಒಬ್ಬ ಓದುಗರು, ರಾಯಚೂರು ತಾಲ್ಲೂಕು

ಉತ್ತರ: ತೆಪ್ಪ ಬಾಳುವುದು ಅದನ್ನು ಆಗಾಗ ದುರಸ್ತಿ ಮಾಡುವುದರಿಂದ. ಹೆಣೆದ ದಬ್ಬೆಗಳು ಒಂದರ ಮೇಲೊಂದು ಜಾರುತ್ತವೆ, ಹಿಗ್ಗಿದರೂ ಕುಗ್ಗಿದರೂ ಒಂದನ್ನೊಂದು ಎಳೆಯುವುದಿಲ್ಲ. ಒಂದು ದಬ್ಬೆ ಕೊಳೆತರೆ ಮೇದಾರರು ಅದನ್ನು ಕಿತ್ತು ಹೊಸದನ್ನು ಸೇರಿಸುತ್ತಾರೆ. ಮೇಲಾಗಿ ದಬ್ಬೆಯ ಹೊರಚರ್ಮ ಹಾಗೆಯೇ ಉಳಿದಿರುತ್ತದೆ, ಅದು ನೀರನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಪದರ ಬಿದಿರಿನಲ್ಲಿ ಆ ಚರ್ಮವನ್ನು ನಾವೇ ತೆಗೆದಿರುತ್ತೇವೆ, ಒಳಗಿನ ಒಂದು ಪದರ ಕೆಟ್ಟರೆ ಅದನ್ನು ಬದಲಿಸುವ ದಾರಿಯೂ ಇಲ್ಲ. ಆದ್ದರಿಂದ ಉಪಚಾರವೆಲ್ಲ ಮೊದಲೇ ಆಗಬೇಕು.

ಸಾಗವಾನಿಯ ಕೆಚ್ಚಿನಲ್ಲಿ ಹುಳುವನ್ನೂ ಶಿಲೀಂಧ್ರವನ್ನೂ ದೂರವಿಡುವ ಎಣ್ಣೆಯಂಶ ಸಹಜವಾಗಿಯೇ ಇದೆ. ಬಿದಿರಿನಲ್ಲಿ ಅದಿಲ್ಲ, ಬದಲಿಗೆ ಪಿಷ್ಟವಿದೆ. ಬೊಂಬಿನಿಂದ ಉದುರುವ ಹಳದಿ ಹಿಟ್ಟು, ಆ ಪಿಷ್ಟಕ್ಕಾಗಿ ಒಳಹೊಕ್ಕು ಕೊರೆಯುವ ಕೀಟದ ಕೆಲಸ. ಮಳೆಗಾಲ ಮುಗಿದು ಬೆಳವಣಿಗೆ ನಿಂತ ಮೇಲೆ, ಮೂರು ನಾಲ್ಕು ವರ್ಷ ಬಲಿತ ಬೊಂಬನ್ನೇ ಕಡಿಯುವುದು ಮೊದಲನೆಯ ಎಚ್ಚರಿಕೆ. ನಮ್ಮ ಒಣಸೀಮೆಗೆ ಒಗ್ಗುವ ಕಿರುಬಿದಿರಿನ ಒಳಗೆ ಟೊಳ್ಳು ಬಹಳ ಕಡಿಮೆ. ಜಲ್ಲೆಗೆ, ಕೋಲಿಗೆ ಅದು ಉತ್ತಮ, ಆದರೆ ಸಣ್ಣ ಬೊಂಬಿನಿಂದ ಅಗಲವಾದ ದಬ್ಬೆ ಸಿಗುವುದಿಲ್ಲ. ಪದರದ ಕೆಲಸಕ್ಕೆ ಮಲೆನಾಡಿನ ಕಡೆಯಿಂದ ಬರುವ ದಪ್ಪಗೋಡೆಯ, ನೆಟ್ಟಗಿರುವ ದೊಡ್ಡ ಬೊಂಬುಗಳೇ ಬೇಕು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂದು ಎಣಿಸುವುದು ನಿಂತಿರುವುದರಿಂದ, ರೈತರ ಹೊಲದ ಬಿದಿರನ್ನು ಕೊಳ್ಳುವುದು ಈಗ ಮುಂಚಿನಷ್ಟು ತೊಡಕಿನದಲ್ಲ.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಮನೆಯ ಒಳಗಿನ ಬಿದಿರಿಗೆ ಬಹಳ ಒಳ್ಳೆಯದು. ದೋಣಿಯ ಮಟ್ಟಿಗೆ ಅದರ ದೋಷವೆಂದರೆ, ನೀರಿನಲ್ಲಿ ಕರಗಿ ಒಳಗೆ ಹೋದದ್ದು ನೀರಿನಲ್ಲೇ ಕರಗಿ ಹೊರಗೂ ಬರುತ್ತದೆ. ಆದರೂ ಬೇಡವೆನ್ನಲಾರೆ: ದಬ್ಬೆಗಳನ್ನು ಸೀಳಿ ಚರ್ಮ ತೆಗೆದ ಮೇಲೆ ನೆನೆಸಿದರೆ ದ್ರಾವಣ ಚೆನ್ನಾಗಿ ಒಳಗಿಳಿಯುತ್ತದೆ (ಇಡೀ ಬೊಂಬಿನಲ್ಲಿ ಅದು ತುದಿಗಳಿಂದ ಮಾತ್ರ ಹೋಗಬಲ್ಲದು), ಬಳಿಕ ಪೂರ್ತಿ ಒಣಗಿಸಿ, ಮೇಲ್ಮೈಯ ಉಪ್ಪನ್ನು ಹತ್ತರಿಯಿಂದ ತೆಗೆದು ಅಂಟಿಸಿ, ಎಲ್ಲ ಕಡೆಯೂ ಎಪಾಕ್ಸಿಯಿಂದ ಮುಚ್ಚಿದರೆ ಔಷಧ ಒಳಗೇ ಉಳಿಯುತ್ತದೆ. ಮುಚ್ಚುವಾಗ ಕೊಯ್ದ ತುದಿಗಳಿಗೆ ಮೂರು ಸಲ ಬಳಿಯಿರಿ, ಸ್ಕ್ರೂ ಕೊರೆದ ರಂಧ್ರಗಳ ಒಳಗೂ ಬಳಿಯಿರಿ. ನೀರು ನುಗ್ಗುವುದು ನಾರಿನ ಬಾಯಿಯಿಂದ. ಸಮುದ್ರದ ದೋಣಿಗಳನ್ನು ಒಳಗಿನಿಂದ ಕೊರೆದು ಹಾಳುಮಾಡುವ ಹಡಗು ಹುಳುವಿನ ಕಾಟ ಕೃಷ್ಣೆ ತುಂಗಭದ್ರೆಯ ಸಿಹಿನೀರಿನಲ್ಲಿ ಇಲ್ಲ. ಆ ಒಂದು ಚಿಂತೆ ನಮಗಿಲ್ಲ.

ಪ್ರಶ್ನೆ: ಮನೆಯ ನೆಲಕ್ಕೆ ಹಾಕುವ ಬಿದಿರಿನ ಹಲಗೆಗಳು ಉಳಿದಿವೆ. ಅವನ್ನು ದೋಣಿಗೆ ಬಳಸಬಹುದೇ? ಮಾರುಕಟ್ಟೆಯ ಹಲಗೆ ಯೋಗ್ಯವೋ ಅಲ್ಲವೋ ಎಂಬುದನ್ನು ಯಂತ್ರವಿಲ್ಲದೆ ತಿಳಿಯುವುದು ಹೇಗೆ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ನೆಲದ ಹಲಗೆ ಬೇಡ. ಅದರಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಜಾತಿಯ ಅಂಟಿರುತ್ತದೆ. ಮನೆಯೊಳಗೆ ಒರೆಸುವ ನೀರಿಗೆ ತಡೆದರೂ ನದಿಯಲ್ಲಿ ಅದು ನಿಲ್ಲದು. ನಾರನ್ನು ಜಜ್ಜಿ, ಫೀನಾಲ್ ಜಾತಿಯ ಅಂಟಿನಲ್ಲಿ ಅದ್ದಿ, ಭಾರೀ ಒತ್ತಡದಲ್ಲಿ ಅಚ್ಚು ಹಾಕಿದ ಇನ್ನೊಂದು ಬಗೆಯ ಹಲಗೆ ನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಘನಮೀಟರಿಗೆ 1,000 ಕಿಲೋ ಮೀರುವುದರಿಂದ ನೀರಿನಲ್ಲಿ ಮುಳುಗುತ್ತದೆ. ಕಾಲಿಡುವ ಜಾಗದ ಸಣ್ಣ ಪಟ್ಟಿಗೆ ಮಾತ್ರ ಸರಿ. ದೋಣಿಯ ಒಳನೆಲಕ್ಕೆ ಬಿದಿರು ಚಾಪೆಯ ಬೋರ್ಡನ್ನು ವಿಚಾರಿಸಿ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಈ ಬೋರ್ಡಿನಲ್ಲಿ ಹೆಣೆದ ಚಾಪೆಗಳನ್ನು ಫೀನಾಲ್ ಅಂಟಿನಿಂದ ಒತ್ತಿರುತ್ತಾರೆ. ನಾರು ಎರಡು ದಿಕ್ಕಿಗೂ ಹಾಯುವುದರಿಂದ ಅದು ಸೀಳುವುದಿಲ್ಲ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಹಲಗೆಯಿಂದ ಅಂಗೈ ಅಗಲದ ತುಂಡು ಕತ್ತರಿಸಿ ನಾಲ್ಕು ಗಂಟೆ ಕುದಿಸಿ, ಬಳ್ಳಾರಿಯ ಬಿಸಿಲಿನಲ್ಲಿ ಬಂಡೆಯ ಮೇಲೆ ಎರಡು ದಿನ ಒಣಗಿಸಿ, ಮತ್ತೆ ನಾಲ್ಕು ಗಂಟೆ ಕುದಿಸಿ. ಆಮೇಲೆ ಅಂಟಿನ ಗೆರೆಗೆ ಉಳಿ ಇಟ್ಟು ತಟ್ಟಿ. ಬಿರುಕು ಬಿದಿರಿನ ನಾರನ್ನು ಹರಿದುಕೊಂಡು ಹೋದರೆ ಅಂಟು ಗಟ್ಟಿ. ಗೆರೆಯ ಉದ್ದಕ್ಕೂ ನುಣ್ಣಗೆ ಬಿಚ್ಚಿಕೊಂಡರೆ ಆ ಹಲಗೆಯನ್ನು ವ್ಯಾಪಾರಿಗೆ ಹಿಂದಿರುಗಿಸಿ.

ಬಲದ ಪರೀಕ್ಷೆಗೆ 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪಟ್ಟಿಯನ್ನು 300 ಮಿ.ಮೀ. ಅಂತರದ ಎರಡು ಆಧಾರಗಳ ಮೇಲೆ ಚಪ್ಪಟೆಯಾಗಿ ಇಟ್ಟು, ನಡುವೆ ಬಕೆಟ್ ತೂಗುಹಾಕಿ ಮರಳು ತುಂಬುತ್ತಾ ಹೋಗಿ. 10 ಕಿಲೋಗೆ ಪಟ್ಟಿ ಮೂರು ಮಿ.ಮೀ. ಆಸುಪಾಸು ಬಾಗಬೇಕು; 40 ಕಿಲೋವರೆಗೆ ಮುರಿಯದಿದ್ದರೆ ಅದರ ಬಲ ಸುಮಾರು 90 ಮೆಗಾಪಾಸ್ಕಲ್ ಮುಟ್ಟಿದೆ ಎಂದರ್ಥ. ಅದೇ ಅಳತೆಯ ಸಾಗವಾನಿ ಪಟ್ಟಿಯನ್ನೂ ಪಕ್ಕದಲ್ಲಿ ಪರೀಕ್ಷಿಸಿ ಹೋಲಿಸಿ. ಆನಂತರ ಇನ್ನೊಂದು ಜೊತೆ ಪಟ್ಟಿಗಳನ್ನು ಒಂದು ವಾರ ನೀರಿನಲ್ಲಿ ಮುಳುಗಿಸಿಟ್ಟು ಇದನ್ನೇ ಮತ್ತೆ ಮಾಡಿ. ನೆನೆದಾಗ ಎರಡರ ಬಲವೂ ಇಳಿಯುತ್ತದೆ. ದೋಣಿಯ ಅಳತೆಗಳನ್ನು ಗೊತ್ತುಮಾಡುವಾಗ ಆ ನೆನೆದ ಪಟ್ಟಿ ಹೊತ್ತ ಭಾರವನ್ನೇ ಲೆಕ್ಕಕ್ಕೆ ಹಿಡಿಯಿರಿ.